ಎರಡು ಗೀರಿನ ಬಾತು

ಕಾರಿನ ಹಿಂದಿನ ಸೀಟಿನಲ್ಲಿ ಯಲ್ಲಕ್ಕ ಬಾಗಿಲಿಗೆ ಅಂಟಿಕೊಂಡು ಕೂತಿದ್ದಳು. ಹರಿಹರದ ರಸ್ತೆಯ ಎರಡೂ ಬದಿಗೆ ಹುಣಸೆಮರಗಳು ಇನ್ನೂ ಕಪ್ಪಾಗಿಯೇ ಇದ್ದವು. ಪುಷ್ಯದ ಚಳಿ ಕಿಟಕಿಯಿಂದ ನುಗ್ಗಿ ಕಿವಿ ಕೊರೆಯುತ್ತಿತ್ತು. ಗಾಜು ಏರಿಸುವುದು ಹೇಗೆಂದು ಅವಳಿಗೆ ಗೊತ್ತಾಗಲಿಲ್ಲ, ಕೇಳಲೂ ಇಲ್ಲ. ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು.

ಮುಂದಿನ ಸೀಟಿನಲ್ಲಿದ್ದ ನಾಗರಾಜಪ್ಪ ಹಿಂದಕ್ಕೆ ತಿರುಗಿದ. "ಏನವ್ವ, ಇವತ್ತು ನಿನ್ನ ಹಕ್ಕಿ ರಜಾ ಹಾಕಿದ್ರೆ ಏನ್ಮಾಡ್ತೀ?"

ಯಲ್ಲಕ್ಕ ತಲೆ ತಗ್ಗಿಸಿದಳು. ಪಕ್ಕದಲ್ಲಿದ್ದ ವಾಮದೇವಪ್ಪ ಮೇಷ್ಟ್ರು, "ಸುಮ್ನಿರಪ್ಪ, ಹುಡುಗಿ ಮೊದಲೇ ಹೆದರಿದಾಳೆ" ಎಂದರು.

ಅವಳು ಹೆದರಿರಲಿಲ್ಲ. ಬಾತುಗಳು ಬರುತ್ತವೆಂದು ಅವಳಿಗೆ ಗೊತ್ತಿತ್ತು.

ಮೇಷ್ಟ್ರು ದಾವಣಗೆರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುವವರು. ನಾಗರಾಜಪ್ಪ ಅಲ್ಲಿಯೇ ಲ್ಯಾಬು ನೋಡಿಕೊಳ್ಳುವವನು. ಯಲ್ಲಕ್ಕ ನಿಟ್ಟುವಳ್ಳಿಯಿಂದ ದಿನಾ ಬೆಳಿಗ್ಗೆ ಮೇಷ್ಟ್ರ ಮನೆಗೆ ಹಾಲು ತರುತ್ತಿದ್ದಳು. ಹೋದ ತಿಂಗಳು ಒಂದು ದಿನ ಹಾಲು ಅಳೆಯುತ್ತಿದ್ದವಳಿಗೆ ಜಗುಲಿಯ ಮೇಲೆ ತೆರೆದಿಟ್ಟಿದ್ದ ಪುಸ್ತಕ ಕಂಡಿತ್ತು. ಅದರಲ್ಲಿ ಬೂದು ಬಣ್ಣದ ದೊಡ್ಡ ಬಾತು, ಬಿಳಿಯ ತಲೆಯ ಹಿಂದೆ ಎರಡು ಕಪ್ಪು ಗೀರು. "ಇವು ನಮ್ಮತ್ತೆ ಕಡಲೆ ಹೊಲಕ್ಕೆ ಬರ್ತಾವೆ" ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಅದು ಕೇಳಿಸಿ ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟಿದ್ದರು. "ಹಿಮಾಲಯ ದಾಟಿ ಬರೋ ಹಕ್ಕಿ ಕಣವ್ವ ಇದು. ಸರಿಯಾಗಿ ನೋಡಿದೀಯಾ?"

"ಐದು ವರ್ಷದಿಂದ ನೋಡೀನ್ರಿ. ಎರಡೇ ಗೀರು."

ದಾವಣಗೆರೆ ಸುತ್ತಮುತ್ತಲ ಹಕ್ಕಿಗಳದೊಂದು ಪಟ್ಟಿ ಮಾಡಿ ಮುಂಬಯಿಯ ಪತ್ರಿಕೆಗೆ ಕಳಿಸಬೇಕೆಂದು ಮೇಷ್ಟ್ರು ಬಹಳ ದಿನದಿಂದ ಬರೆಯುತ್ತಿದ್ದರು. ಅಂದು ನೋಟ್‌ಬುಕ್ಕಿನ ಕೊನೆಯ ಸಾಲಿನಲ್ಲಿ ಬಾತಿನ ಹೆಸರು ಬರೆದು, ಅದರ ಎದುರಿಗೆ ಪೆನ್ಸಿಲಿನಲ್ಲಿ ಸೇರಿಸಿದರು: ಕಂಡವರು, ಯಲ್ಲಕ್ಕ, ನಿಟ್ಟುವಳ್ಳಿ. ಅಷ್ಟನ್ನು ಅವಳು ಎದುರು ನಿಂತೇ, ತಲೆಕೆಳಗಾಗಿ ಓದಿದಳು.

ನಾಗರಾಜಪ್ಪ ಒಪ್ಪಲಿಲ್ಲ. "ನಾಲ್ಕನೇ ಕ್ಲಾಸಿಗೆ ಬಿಟ್ಟ ಹುಡುಗಿ ಮಾತು ನಂಬ್ಕೊಂಡು ಮುಂಬಯಿಗೆ ಕಳಿಸ್ತೀರಾ ಸಾರ್? ಯಾರೋ ಸಾಕಿದ ಬಾತು ಇರಬೇಕು. ನಾವು ನೋಡಾಣ. ಕಾಣಲಿಲ್ಲ ಅಂದ್ರೆ ಆ ಸಾಲು ಹೊಡೆದು ಹಾಕ್ರಿ." ಮೇಷ್ಟ್ರಿಗೂ ಅದು ನ್ಯಾಯವೆನ್ನಿಸಿತು. ಪಟ್ಟಿ ನಾಳೆ ಸೋಮವಾರದ ಟಪಾಲಿಗೆ ಹೋಗಬೇಕಾಗಿತ್ತು.

ಹೊಡೆದು ಹಾಕುವುದನ್ನು ಯಲ್ಲಕ್ಕ ಒಮ್ಮೆ ನೋಡಿದ್ದಳು. ಅಪ್ಪ ತೀರಿಕೊಂಡ ವರ್ಷ ಶಾಲೆ ಬಿಟ್ಟು, ಎರಡು ತಿಂಗಳಾದ ಮೇಲೆ, ಅಲ್ಲೇ ಉಳಿದಿದ್ದ ಸ್ಲೇಟು ತರಲು ಹೋಗಿದ್ದಳು. ಮೇಜಿನ ಮೇಲೆ ಹಾಜರಿ ಪುಸ್ತಕವಿತ್ತು. ಅವಳ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ, ಅಳತೆಪಟ್ಟಿ ಇಟ್ಟು ನೇರವಾಗಿ ಎಳೆದದ್ದು. ಆಮೇಲೆ ಅವಳ ಹೆಸರನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ.

ಹರಿಹರ ಇನ್ನೂ ಒಂದು ಮೈಲಿ ಇರುವಾಗ ಕಾರು ಹೊಳೆಯ ಕಡೆಗೆ ಗಾಡಿದಾರಿ ಹಿಡಿಯಿತು. "ಹತ್ತಕ್ಕೆ ಮಿಲ್ಲಿನ ಮ್ಯಾನೇಜರನ್ನ ಸ್ಟೇಷನ್ನಿಗೆ ಬಿಡಬೇಕು ಸಾಹೇಬ್ರೆ, ಒಂಬತ್ತಕ್ಕೆ ಇಲ್ಲಿಂದ ಹೊರಟುಬಿಡಬೇಕು" ಎಂದು ಡ್ರೈವರ್ ಬಡೇಸಾಬ್ ಎರಡನೆಯ ಸಲ ನೆನಪಿಸಿದ.

ಹೊಲದ ಬದುವಿನ ಮೇಲೆ ಯಲ್ಲಕ್ಕನ ಸೋದರತ್ತೆ ನಾಗಕ್ಕ ಕಂಬಳಿ ಹೊದ್ದು ಹಕ್ಕಿ ಕಾಯುತ್ತಿದ್ದಳು. ಸೋದರಸೊಸೆ ತಂದ ಸುದ್ದಿ ಕೇಳಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ನನ್ನ ಕಡಲೆ ತಿನ್ನಾಕೆ ಬರೋ ಕಳ್ಳರನ್ನ ನೋಡಾಕೆ ಕಾರು ಮಾಡ್ಕೊಂಡು ಬಂದೀರೇನ್ರಿ! ಹಿಡ್ಕೊಂಡು ಹೋಗ್ರಿ, ಎಷ್ಟು ಬೇಕೋ ಅಷ್ಟು." ಆಮೇಲೆ ಕವಣೆಯನ್ನು ಯಲ್ಲಕ್ಕನ ಕೈಗೆ ಕೊಟ್ಟು, ತನ್ನ ಮಡಿಲಿನ ಕಲ್ಲುಗಳನ್ನು ಅವಳ ಮಡಿಲಿಗೆ ಸುರಿದಳು. "ಸ್ವಲ್ಪ ಹೊತ್ತು ನೋಡ್ಕ ಯಲ್ಲಿ, ಇವರಿಗೆ ರೊಟ್ಟಿ ತರ್ತೀನಿ."

ಮೊದಲು ಸದ್ದು ಬಂತು. ಹೊಳೆಯ ಕಡೆಯಿಂದ, ಮೂಗಿನಲ್ಲಿ ಕರೆದಂಥ ಸದ್ದು. ಆಮೇಲೆ ಮಂಜಿನೊಳಗಿಂದ ಅವು ಸಾಲಾಗಿ, ತಗ್ಗಾಗಿ ಬಂದವು. ಕಾಲು ಮುಂದೆ ಚಾಚಿ ಕಡಲೆಯ ಮೇಲೆ ಇಳಿಯತೊಡಗಿದವು. ಮೇಷ್ಟ್ರು ದುರ್ಬೀನಿನ ಚೀಲದ ಗುಂಡಿ ಬಿಚ್ಚುತ್ತಿದ್ದರು. ನಾಗರಾಜಪ್ಪ ಕಾರಿನ ಹತ್ತಿರ ಬೂಟಿಗೆ ಮೆತ್ತಿದ ಎರೆಮಣ್ಣನ್ನು ಕಡ್ಡಿಯಿಂದ ಕೆರೆಯುತ್ತಿದ್ದ.

ಅಷ್ಟರಲ್ಲಿ, ಹೊಲ ಕಾದ ರೂಢಿಗೆ, ಯಲ್ಲಕ್ಕನ ತೋಳು ಮೇಲೆದ್ದಿತ್ತು. ಕವಣೆ ತಲೆಯ ಮೇಲೆ ಎರಡು ಸುತ್ತು ಗಿರ್ರೆಂದಿತು. ಬಾಯಿಂದ "ಹೋ... ಹೋಯ್!" ಹೊರಟಿತು. ಕಲ್ಲು ಹಿಂಡಿನ ಮುಂದೆ ಬಿದ್ದು ಮಣ್ಣು ಹಾರಿಸಿತು. ಒಂದೇ ಸಲಕ್ಕೆ ಎಲ್ಲ ಎದ್ದವು. ಹೊಲದ ಮೇಲೆ ರೆಕ್ಕೆ ಬಿಟ್ಟರೆ ಬೇರೇನೂ ಕಾಣದಂತಾಗಿ, ಮರುಗಳಿಗೆಯಲ್ಲಿ ಬರೀ ಹೊಲ ಉಳಿಯಿತು.

ಕವಣೆಯ ಹಗ್ಗ ಇನ್ನೂ ತೂಗುತ್ತಿತ್ತು. ತಾನು ಏನು ಮಾಡಿದೆನೆಂದು ಅವಳಿಗೆ ಆಗ ತಿಳಿಯಿತು.

ನಾಗರಾಜಪ್ಪ ಕಾರು ಹಿಡಿದುಕೊಂಡು ನಕ್ಕ. "ಅಲ್ಲವ್ವ, ಮನೆಗೆ ಕರೆದು ನೆಂಟರ ಮೇಲೆ ನಾಯಿ ಬಿಟ್ಟಂಗಾತಲ್ಲ! ಸಾರ್, ತಲೆ ಏನಾದ್ರೂ ಕಂಡ್ರಾ?"

"ಇಲ್ಲಪ್ಪ. ಬಾತಂತೂ ಹೌದು."

"ಬಾತು ನಮ್ಮ ಕೆರೇಲೂ ಅದಾವೆ."

ರೊಟ್ಟಿಯ ಗಂಟು ಹಿಡಿದು ಬಂದ ನಾಗಕ್ಕ ಮಾತ್ರ ಹಿಗ್ಗಿದ್ದಳು. "ಶಭಾಸ್ ಯಲ್ಲಿ! ಒಂದೇ ಕಲ್ಲಿಗೆ ಎಲ್ಲಾನೂ ಓಡಿಸಿದೆಯಲ್ಲೇ!"

ಯಲ್ಲಕ್ಕನಿಗೆ ಕಣ್ಣು ಉರಿಯಿತು. ಯಾರೂ ಅವಳನ್ನು ಬೈಯಲಿಲ್ಲ. ಮೇಷ್ಟ್ರು ರೊಟ್ಟಿ ಮುರಿದು ತಿಂದರು, ಕೈ ಒರೆಸಿಕೊಂಡರು, ತೆರೆದೇ ಇಲ್ಲದ ನೋಟ್‌ಬುಕ್ಕನ್ನು ಚೀಲದೊಳಗೆ ಸೇರಿಸಿದರು. "ಇರಲಿ ಬಿಡವ್ವ. ಬರೋ ವರ್ಷ ನೋಡಾಣ." ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ಹೊಳೀಗೆ ಹೋಗ್ಯಾವ್ರಿ" ಎಂದಳು.

ಯಾರಿಗೂ ಕೇಳಿಸಲಿಲ್ಲ. ಬಡೇಸಾಬ್ ಕಾರಿನ ಬಾಗಿಲು ತೆಗೆದಿದ್ದ. ಯಲ್ಲಕ್ಕ ಹೋಗಿ ಆ ಬಾಗಿಲಿಗೆ ಅಡ್ಡ ನಿಂತಳು.

"ಹೊಳೀಗೆ ಹೋಗ್ಯಾವೆ. ಹೊಟ್ಟೆ ತುಂಬಿಲ್ಲ ಅವಕ್ಕೆ, ದೂರ ಹೋಗಲ್ಲ. ಸೇತುವೆ ತಾವ ಕೂರಲ್ಲ, ಅಲ್ಲಿ ಬಟ್ಟೆ ಒಗೀತಾರೆ. ಮೇಲಕ್ಕೆ, ಮರಳದಿಬ್ಬದ ಹಿಂದೆ ಇಳೀತಾವೆ. ನಾನು ತೋರಿಸ್ತೀನಿ. ಬರ್ರಿ."

ಅಷ್ಟು ಮಾತನ್ನು ಅವಳ ಬಾಯಲ್ಲಿ ನಾಗಕ್ಕನೂ ಕೇಳಿರಲಿಲ್ಲ. ನಾಗರಾಜಪ್ಪ ಹುಬ್ಬೇರಿಸಿದ. "ಬಾಯಿ ಐತಲ್ಲವ್ವ ನಿನಗೆ!"

ಮೇಷ್ಟ್ರು ಬಡೇಸಾಬನ ಮುಖ ನೋಡಿದರು. ಬಡೇಸಾಬ್ ಗಡಿಯಾರ ನೋಡಿಕೊಂಡ. ಎಂಟೂಕಾಲು. "ಮುಕ್ಕಾಲು ಗಂಟೆ. ಆಮೇಲೆ ಯಾರು ಇರಲಿ ಬಿಡಲಿ, ನಾನು ಹೊರಡಾವ್ನೆ. ಜಲ್ದಿ ಹತ್ರಿ."

ಕಾರು ಹೊಳೆಯ ದಂಡೆಯಲ್ಲಿ ನಿಂತಿತು. ಕೆಳಗಡೆ ದೂರದಲ್ಲಿ ಕಲ್ಲಿನ ಸೇತುವೆಯ ಕಮಾನುಗಳ ಕೆಳಗೆ ಬಟ್ಟೆ ಒಗೆಯುವ ಸದ್ದು. ಯಲ್ಲಕ್ಕ ಹಿಂದೆ ನೋಡದೆ ನಡೆದಳು. ಮರಳದಿಬ್ಬ ಬಂತು. ಅದರ ಹಿಂದೆ ಎರಡು ಎತ್ತಿನ ಗಾಡಿಗಳು ನಿಂತಿದ್ದವು, ಮೂವರು ಮರಳು ತುಂಬುತ್ತಿದ್ದರು. ಹಕ್ಕಿಯ ಸುಳಿವಿಲ್ಲ.

"ಸಾಕು ಬಾರವ್ವ" ಎಂದ ನಾಗರಾಜಪ್ಪ. ಈ ಸಲ ಅವನು ನಗಲಿಲ್ಲ.

ಅವಳು ಮರಳನ್ನು ನೋಡುತ್ತಿದ್ದಳು. ಗಾಡಿಯವರ ಸಲಿಕೆ ತಾಗದ ಅಂಚಿನಲ್ಲಿ ಮೂರು ಬೆರಳಿನ, ಜಾಲರಿ ಕಟ್ಟಿದ ಹೆಜ್ಜೆಗಳು. ಹತ್ತಿರದಲ್ಲೇ ಇನ್ನೂ ಒಣಗದ ಹಸಿರು ಹಿಕ್ಕೆ. ಇಲ್ಲಿಗೆ ಬಂದಿದ್ದವು, ಗಾಡಿ ಕಂಡು ಎದ್ದಿದ್ದವು. ಎದುರಿಗೆ, ಒಂದು ಕಾಲುವೆಯಷ್ಟು ನೀರಿನಾಚೆ, ಜೊಂಡು ಬೆಳೆದ ನಡುಗಡ್ಡೆ. ಸೀರೆಯನ್ನು ಮೊಳಕಾಲಿಗೆ ಎತ್ತಿ ಕಟ್ಟಿ ನೀರಿಗೆ ಇಳಿದಳು. ನೀರು ಮಂಜಿನಂತೆ ಕೊರೆಯಿತು. ಹಿಂದೆ ಮೇಷ್ಟ್ರು ಪಂಚೆ ಎತ್ತಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, ಬೂಟುಗಳ ಲಾಡಿ ಗಂಟು ಹಾಕಿ ಕೊರಳಿಗೆ ತೂಗುಬಿಟ್ಟುಕೊಂಡು, ಬೈದುಕೊಳ್ಳುತ್ತಾ ನಾಗರಾಜಪ್ಪನೂ ಬಂದ.

ಜೊಂಡಿನ ಹತ್ತಿರ ಅವಳು ಬಗ್ಗಿದಳು. ಅವರೂ ಬಗ್ಗಿದರು. ಎರಡು ಎಲೆಗಳ ನಡುವೆ ಅಷ್ಟೇ ಕಾಣುತ್ತಿತ್ತು: ಬಿಸಿಲು ಬಿದ್ದ ಮರಳು, ಅದರ ಮೇಲೆ ಒಂಟಿಕಾಲಿನಲ್ಲಿ, ಕೊಕ್ಕು ಬೆನ್ನಿಗೆ ಸೇರಿಸಿ, ನಿದ್ದೆಗೆ ಜಾರಿದಂತೆ ನಿಂತ ಬೂದು ಬಾತುಗಳು.

ಅವಳು ಇನ್ನೊಂದು ಹೆಜ್ಜೆ ಸರಿದಳು. ಮಡಿಲಲ್ಲಿ ಕಲ್ಲುಗಳು ಟಕ್ಕೆಂದವು.

ಅಲ್ಲಿ ಕುತ್ತಿಗೆಗಳೆಲ್ಲ ಒಟ್ಟಿಗೆ ನೆಟ್ಟಗಾದವು. ಒಂದು ಬಾತು ರೆಕ್ಕೆ ಅರ್ಧ ಬಿಚ್ಚಿತು. ಯಲ್ಲಕ್ಕ ಮಡಿಲನ್ನು ಕೈಯಿಂದ ಒತ್ತಿ ಹಿಡಿದಳು. ಮೇಷ್ಟ್ರು ದುರ್ಬೀನನ್ನು ನಾಗರಾಜಪ್ಪನ ಕೈಗೆ ಇಟ್ಟರು. ಅವನು ಹೊಟ್ಟೆಯ ಮೇಲೆ ಒದ್ದೆ ಮರಳಿನಲ್ಲಿ ಮಲಗಿ, ಜೊಂಡಿನ ನಡುವೆ ಅದನ್ನು ತೂರಿಸಿದ. ಒಂದೊಂದೇ ತಲೆಯನ್ನು ನೋಡುತ್ತಾ ಹೋದ.

"ಎರಡು" ಎಂದ ಕೊನೆಗೆ, ಪಿಸುದನಿಯಲ್ಲಿ. "ಒಂದರ ಕೆಳಗೆ ಒಂದು."

ದೂರದಲ್ಲಿ ಬಡೇಸಾಬ್ ಹಾರನ್ ಒತ್ತಿದ. ಯಾರೂ ಏಳಲಿಲ್ಲ. ಬೆನ್ನ ಹಿಂದೆ ಮೇಷ್ಟ್ರು ನೋಟ್‌ಬುಕ್ಕಿನ ಹಾಳೆ ತಿರುವುವುದು, ಪೆನ್ನಿನ ಮುಚ್ಚಳ ಬಿಚ್ಚುವುದು ಯಲ್ಲಕ್ಕನಿಗೆ ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ. ಕಣ್ಣನ್ನು ಬಾತುಗಳ ಮೇಲಿಟ್ಟುಕೊಂಡೇ ಮಡಿಲೊಳಗೆ ಕೈ ಹಾಕಿ, ಕಲ್ಲುಗಳನ್ನು ಒಂದೊಂದಾಗಿ ತೆಗೆದು, ಸದ್ದಾಗದಂತೆ ಮರಳಿನ ಮೇಲೆ ಇಡತೊಡಗಿದಳು.