ಹೌದಣ್ಣ ‘ಇಲ್ಲ’ ಅಂದ ದಿನ

ಪೇಟೆ ಬೀದಿಯ ತಿರುವಿನಲ್ಲಿರುವ ಕಟಿಂಗ್ ಅಂಗಡಿಯವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಈಗ ಯಾರಿಗೂ ನೆನಪಿಲ್ಲ. ಬೀದಿಗೆಲ್ಲ ಅವನು ಹೌದಣ್ಣ. ಯಾರು ಏನೇ ಹೇಳಲಿ, ಅವನ ಬಾಯಿಂದ ಬರುವುದು ಆ ಒಂದೇ ಮಾತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ.

ಅದಕ್ಕಾಗಿ ಅವನನ್ನು ಬೈದು ಫಲವಿಲ್ಲ. ಅದು ಕಸುಬಿನ ಜೊತೆ ಬಂದ ಅಭ್ಯಾಸ. ಮೀಸೆ ಮೂಡುವ ಮೊದಲೇ ಆ ಅಂಗಡಿಗೆ ಕೆಲಸ ಕಲಿಯಲು ಸೇರಿದಾಗ ಯಜಮಾನ ಕತ್ತರಿ ಕೊಡುವುದಕ್ಕೆ ಮುಂಚೆ ಬುದ್ಧಿಮಾತು ಕೊಟ್ಟಿದ್ದ. “ನೋಡೋ, ಕುರ್ಚೀಲಿ ಕೂತೋನ ಮಾತೇ ಸರಿ. ಕೈಯಲ್ಲಿ ಕತ್ತಿ ಇರೋವಾಗ ವಾದ ಮಾಡಬಾರದು. ನಿನಗೆ ಸಿಟ್ಟು ಬಂದ್ರೂ ಕಷ್ಟ, ಅವನು ಸಿಟ್ಟಲ್ಲಿ ಕತ್ತು ತಿರುಗಿಸಿದ್ರೂ ಕಷ್ಟ.” ಇವನು ಆ ಮಾತನ್ನು ಎಷ್ಟು ಚೆನ್ನಾಗಿ ಪಾಲಿಸಿದನೆಂದರೆ, ಯಜಮಾನ ಮೆಚ್ಚಿ ಮೊದಲು ಅಂಗಡಿಯನ್ನು ಕೊಟ್ಟ, ಆಮೇಲೆ ಮಗಳನ್ನೂ ಕೊಟ್ಟ. ಯಜಮಾನ ಮಾವನಾದ.

ತೊಂದರೆ ಏನೆಂದರೆ, ಅಂಗಡಿಯಲ್ಲಿ ಇರಬೇಕಾದ ನಿಯಮ ಮನೆಗೂ ಬಂತು. ದಿನವೆಲ್ಲ ಹತ್ತಾರು ಜನರ ಮಾತಿಗೆ ತಲೆಯಾಡಿಸಿ, ಸಂಜೆಯ ಹೊತ್ತಿಗೆ ಕೊನೆಯಲ್ಲಿ ಯಾರು ಕುರ್ಚಿಯಲ್ಲಿ ಕೂತಿದ್ದರೋ ಅವರ ಅಭಿಪ್ರಾಯವೇ ಹೌದಣ್ಣನ ಅಭಿಪ್ರಾಯ ಆಗಿಬಿಡುತ್ತಿತ್ತು. ಹೆಂಡತಿಗೆ ಇದು ಎಷ್ಟು ರೂಢಿಯಾಗಿತ್ತೆಂದರೆ, ಗಂಡ ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಕೇಳುತ್ತಿದ್ದಳು. “ರೀ, ಇವತ್ತು ಕೊನೆ ಗಿರಾಕಿ ಯಾರು?” ಹೆಸರು ತಿಳಿದರೆ ಸಾಕು, ಇವತ್ತು ಗಂಡನ ತಲೆಯಲ್ಲಿ ಏನಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು.

ಕಳೆದ ಚಳಿಗಾಲದಲ್ಲಿ ಫ್ಲೂ ಜ್ವರದ ಗುಲ್ಲು ಎದ್ದಿತಲ್ಲ, ಆಗ ಕುರ್ಚಿಯಲ್ಲಿ ಕೂತವರೆಲ್ಲ ಹೆದರಿದವರೇ. ಹೀಗಾಗಿ ಹೌದಣ್ಣನೂ ಹೆದರಿದ. ಮೂಗಿಗೆ ಒಂದರ ಮೇಲೊಂದು ಎರಡು ಮಾಸ್ಕ್ ಕಟ್ಟಿದ. ಬಾಚಣಿಗೆಗಳನ್ನು ಕುದಿಯುವ ನೀರಿಗೆ ಹಾಕಿದ, ಅವು ಸೊಟ್ಟಗಾಗಿ ಬಾಚುವುದಕ್ಕೆ ಬಾರದಂತಾದವು. ಲಸಿಕೆ ಬಂದಿದೆ ಎಂದು ಕೇಳಿ ಆರೋಗ್ಯ ಕೇಂದ್ರದ ಮುಂದೆ ಸಾಲಿನಲ್ಲಿ ನಿಂತ. ಇನ್ನೇನು ತನ್ನ ಸರದಿ ಎನ್ನುವಾಗ ಲಸಿಕೆ ಮುಗಿಯಿತು. “ನಮ್ಮನ್ನ ಸಾಯೋಕೆ ಬಿಟ್ರಿ ನೀವು” ಎಂದು ನರ್ಸಮ್ಮನ ಮೇಲೆ ರೇಗಾಡಿದ. ನರ್ಸಮ್ಮ ಅದೇ ಬೀದಿಯವಳು. ಆಕೆ ಬೇಜಾರು ಮಾಡಿಕೊಳ್ಳದೆ, ಬಂದ ತಕ್ಷಣ ಹೇಳಿ ಕಳಿಸುತ್ತೇನೆ ಅಂದಳು.

ಆಮೇಲೆ ಗುಲ್ಲು ತಣ್ಣಗಾಯಿತು. ಜನ ಮತ್ತೆ ಒಬ್ಬರ ಮೈಮೇಲೆ ಒಬ್ಬರು ಕೆಮ್ಮಲು ಶುರು ಮಾಡಿದರು. ಹೌದಣ್ಣನ ಒಂದು ಮಾಸ್ಕ್ ಅಂಗಡಿಯ ಕನ್ನಡಿ ಒರೆಸುವುದಕ್ಕೆ ಹೋಯಿತು, ಇನ್ನೊಂದು ಹೆಂಡತಿಯ ಕೈಗೆ ಸಿಕ್ಕಿ ಬಿಸಿ ಪಾತ್ರೆ ಹಿಡಿಯುವ ಬಟ್ಟೆಯಾಯಿತು.

ಈಗ ಮತ್ತೆ ಚಳಿ ಹತ್ತಿರ ಬಂದಿತ್ತು. ನರ್ಸಮ್ಮ ಮಾತು ಉಳಿಸಿಕೊಂಡು ಅಂಗಡಿ ಬಾಗಿಲಿಗೆ ಬಂದಳು. “ಅಣ್ಣಾ, ಈ ವರ್ಷದ ಲಸಿಕೆ ಬಂದಿದೆ. ಸಾಲೂ ಇಲ್ಲ, ಗಲಾಟೇನೂ ಇಲ್ಲ. ಮಾವನ್ನ ಕರ್ಕೊಂಡು ಬಾ.”

“ಹೌದು ಸಿಸ್ಟರ್, ಬರ್ತೀನಿ” ಅಂದ ಹೌದಣ್ಣ. ಬರಲಿಲ್ಲ.

ಬಾರದೇ ಇದ್ದದ್ದಕ್ಕೆ ಕಾರಣ ಕುರ್ಚಿ. ಬೆಳಿಗ್ಗೆ ತರಕಾರಿಯವನು ಕೂತು, “ರೋಗ ಹೋಯ್ತು, ಇನ್ನ ಸೂಜಿ ಯಾಕೆ?” ಅಂದ. “ಹೌದಣ್ಣ” ಅಂದ ಇವನು. ಮಧ್ಯಾಹ್ನ ಮೇಷ್ಟ್ರು ಕೂತು, “ನಾನು ಹಾಕಿಸ್ಕೊಂಡೆ ಕಣಯ್ಯ, ನೀನೂ ಹಾಕಿಸ್ಕೊ” ಅಂದರು. “ಹೌದು ಸಾರ್.” ಸಂಜೆ ಬಸ್ ಡ್ರೈವರ್ ಕೂತು, “ನನ್ನ ಭಾಮೈದ ಹಾಕಿಸ್ಕೊಂಡು ಎರಡು ದಿನ ಮೇಲೇಳಲಿಲ್ಲ” ಅಂದ. “ಹೌದಣ್ಣ.” ಡ್ರೈವರನಿಗೆ ಬಿಡುವು ಸಿಗುವುದೇ ಸಂಜೆ. ಹಾಗಾಗಿ ಮನೆಗೆ ಬರುತ್ತಿದ್ದದ್ದು ಮೇಷ್ಟ್ರ ಮಾತಲ್ಲ, ಡ್ರೈವರನ ಭಾಮೈದ.

ಹೌದಣ್ಣನೊಬ್ಬನ ವಿಷಯವಾಗಿದ್ದರೆ ಹೆಂಡತಿ ಸುಮ್ಮನಿರುತ್ತಿದ್ದಳೋ ಏನೋ. ಆದರೆ ಮನೆಯಲ್ಲಿ ಮುದುಕ ಇದ್ದ. ಹಜಾರದ ಮಂಚದ ಮೇಲೆ ಕೂತ ಅವಳ ಅಪ್ಪನಿಗೆ ದಮ್ಮಿನ ಕಾಯಿಲೆ. ಉಸಿರು ಎಳೆದರೆ ಎದೆಯೊಳಗೆ ಸಿಳ್ಳೆ ಹೊಡೆದ ಸದ್ದು. ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದ್ದರು, ಇವರಿಗೆ ಫ್ಲೂ ಬಂದರೆ ತಡೆಯುವುದು ಕಷ್ಟ, ಚಳಿಗೆ ಮೊದಲೇ ಲಸಿಕೆ ಹಾಕಿಸಿ ಎಂದು. ಆದರೆ ಮುದುಕನದು ಒಂದೇ ಹಟ.

“ಅಳಿಯ ಹಾಕಿಸ್ಕೊಳ್ಳಲಿ, ನಾನೂ ಹಾಕಿಸ್ಕೊಳ್ತೀನಿ. ನಾಲ್ಕು ಜನರ ಮಾತು ಕೇಳೋನು ಅವನು. ಅವನಿಗೇ ಬೇಡದ್ದು ನನಗ್ಯಾಕೆ?”

“ಅಪ್ಪಾ, ಅವರು ಕೇಳೋದು ನಾಲ್ಕು ಜನರ ಮಾತಲ್ಲ, ಕೊನೇಲಿ ಬಂದ ನಾಲ್ಕನೆಯವನ ಮಾತು” ಎಂದು ಮಗಳು ತಲೆ ಚಚ್ಚಿಕೊಂಡಳು. ಮುದುಕ ಜಗ್ಗಲಿಲ್ಲ. ಅವಳು ತಾನು ಹೋಗಿ ಲಸಿಕೆ ಹಾಕಿಸಿಕೊಂಡು ಬಂದು ತೋಳು ತೋರಿಸಿದಳು. “ನೀನು ಚಿಕ್ಕೋಳು, ತಡ್ಕೊಳ್ತೀಯ” ಅಂದುಬಿಟ್ಟ.

ಕೊನೆಗೆ ಅವಳು ನರ್ಸಮ್ಮನ ಮನೆಗೆ ಹೋಗಿ ಒಂದು ಉಪಾಯ ಹೇಳಿದಳು. ಮರುದಿನ ಅಂಗಡಿ ಮುಚ್ಚುವ ಹೊತ್ತಿಗೆ ನರ್ಸಮ್ಮ ಸೀದಾ ಒಳಗೆ ಬಂದು ಕುರ್ಚಿಯಲ್ಲಿ ಕೂತೇಬಿಟ್ಟಳು.

ಹೌದಣ್ಣ ಗಾಬರಿಯಾದ. “ಸಿಸ್ಟರ್, ಇದು ಗಂಡಸರ ಕಟಿಂಗ್ ಅಂಗಡಿ.”

“ಕೂದಲು ಮುಟ್ಟಬೇಡ ಅಣ್ಣ. ಕೂತ್ಕೊಂಡು ಮಾತಾಡೋಣ ಅಂತ ಬಂದೆ. ಯಾಕೆ ಬರಲಿಲ್ಲ ನೀನು?”

ಕೈ ಸುಮ್ಮನಿರಲಾರದೆ ಹೌದಣ್ಣ ಅವಳ ಕತ್ತಿಗೆ ಬಿಳಿ ಬಟ್ಟೆ ಕಟ್ಟಿದ. “ರೋಗ ಹೋಯ್ತಲ್ಲ ಸಿಸ್ಟರ್. ನಾನು ಹೇಳಿದ್ದಲ್ಲ, ತರಕಾರಿಯವನು ಹೇಳಿದ್ದು.”

“ಹೋಗಿಲ್ಲ ಅಣ್ಣ. ಫ್ಲೂ ಪ್ರತಿ ವರ್ಷ ಬರುತ್ತೆ, ಸ್ವಲ್ಪ ವೇಷ ಬದಲಾಯಿಸ್ಕೊಂಡು ಬರುತ್ತೆ. ಅದಕ್ಕೇ ಲಸಿಕೇನೂ ವರ್ಷಕ್ಕೊಂದು ಸಲ. ಗುಲ್ಲು ಹೋಗಿದೆ ಅಷ್ಟೆ, ರೋಗ ಹೋಗಿಲ್ಲ.”

“ಹೌದು ಸಿಸ್ಟರ್. ಆದ್ರೆ ಅದರಿಂದಲೇ ಜ್ವರ ಬರುತ್ತಂತೆ. ಇದು ಡ್ರೈವರಣ್ಣ ಹೇಳಿದ್ದು.”

“ನಾವು ಹಾಕೋ ಸೂಜೀಲಿ ಜೀವ ಇರೋ ವೈರಸ್ ಇಲ್ಲ. ಅದರಿಂದ ಫ್ಲೂ ಬರೋಕೆ ಸಾಧ್ಯ ಇಲ್ಲ. ತೋಳು ನೋಯುತ್ತೆ. ಕೆಲವರಿಗೆ ಒಂದೆರಡು ದಿನ ಮೈ ಬಿಸಿಯಾಗುತ್ತೆ, ಸುಸ್ತಾಗುತ್ತೆ. ಆಮೇಲೆ ಹೋಗುತ್ತೆ.”

“ಹೌದು ಸಿಸ್ಟರ್. ಹಾಕಿಸ್ಕೊಂಡ್ರೂ ಕೆಲವರಿಗೆ ಬಂತಂತೆ. ಇದು ಯಾರು ಹೇಳಿದ್ದು ಅಂತ ಮರೆತೆ.”

“ಯಾರಾದ್ರೂ ಹೇಳಿರಲಿ, ಅದು ನಿಜ. ಬರಲೇ ಬರಲ್ಲ ಅಂತ ನಾನು ಸುಳ್ಳು ಹೇಳಲ್ಲ. ಬಂದ್ರೂ ಆಸ್ಪತ್ರೆ ಸೇರೋ ಹಾಗೆ ಆಗೋದು ಕಡಿಮೆ. ನಿನ್ನ ಮಾವನಂಥ ದಮ್ಮಿನೋರಿಗೆ, ವಯಸ್ಸಾದೋರಿಗೆ, ಬಸುರೀರಿಗೆ, ಪುಟ್ಟ ಮಕ್ಕಳಿಗೆ ಅಷ್ಟಾದ್ರೂ ಬೇಕಲ್ವಾ? ನೀನು ದಿನಾ ಎಷ್ಟು ಜನರ ಮೂಗಿನ ಹತ್ತಿರ ಮೂಗಿಟ್ಟು ಕೆಲಸ ಮಾಡ್ತೀಯ. ಸಂಜೆ ಹೋಗಿ ಮಾವನ ಪಕ್ಕ ಕೂತು ಊಟ ಮಾಡ್ತೀಯ. ಲಸಿಕೆ ಹಾಕಿದ್ಮೇಲೆ ಮೈ ತಯಾರಾಗೋಕೆ ಸುಮಾರು ಎರಡು ವಾರ ಬೇಕು. ರೋಗ ಬಂದ್ಮೇಲೆ ಓಡಿ ಬಂದ್ರೆ, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.” ನರ್ಸಮ್ಮ ಕತ್ತಿನ ಬಟ್ಟೆ ತಾನೇ ಬಿಚ್ಚಿದಳು. “ಎಲ್ಲರ ಅನುಮಾನಾನೂ ಹೇಳಿದೆ. ನಿಂದು ಅಂತ ಏನಾದ್ರೂ ಇದ್ಯಾ ಅಣ್ಣ?”

ಹೌದಣ್ಣ ಆ ಬಟ್ಟೆಯನ್ನು ಕೊಡವಿ ಮಡಚಿದ. “ನಂದು ಅಂತ ಏನೂ ಇಲ್ಲ ಸಿಸ್ಟರ್” ಅಂದ. ಅದು ಅವನಿಗೂ ಸ್ವಲ್ಪ ಬೇಸರದ ವಿಷಯವೇ ಅನ್ನಿಸಿತು.

ನರ್ಸಮ್ಮ ಗೆದ್ದೆ ಎಂದುಕೊಂಡು ಹೋದಳು. ಹೌದಣ್ಣ ಷಟರ್ ಅರ್ಧ ಎಳೆದಿದ್ದ. ಅಷ್ಟರಲ್ಲಿ ಅದರ ಕೆಳಗಿಂದ ಬಗ್ಗಿಕೊಂಡು ಬಸ್ ಡ್ರೈವರ್ ಒಳಗೆ ನುಸುಳಿದ. “ಒಂದು ಶೇವಿಂಗ್ ಮಾಡಿಬಿಡು ಮಾರಾಯ, ನಾಳೆ ಬೆಳಿಗ್ಗೇನೇ ಡ್ಯೂಟಿ.”

ಮನೆಯಲ್ಲಿ ಹೆಂಡತಿ ನಗುನಗುತ್ತಾ ಬಾಗಿಲಲ್ಲೇ ನಿಂತಿದ್ದಳು. “ರೀ, ಇವತ್ತು ಕೊನೆ ಗಿರಾಕಿ ಯಾರು?”

“ಡ್ರೈವರಣ್ಣ.”

ಅವಳು ಒಳಗೆ ಹೋಗಿ ಪಾತ್ರೆಗಳನ್ನು ಜೋಡಿಸತೊಡಗಿದಳು. ಆ ಸದ್ದು ಕೇಳಿದ ಪಕ್ಕದ ಮನೆಯವರು ತಮ್ಮ ಬಾಗಿಲು ಹಾಕಿಕೊಂಡರು.

ಮರುದಿನ ಅಂಗಡಿಗೆ ವಾರದ ರಜೆ. ರಜೆಯ ದಿನ ಮಾವನ ಗಡ್ಡ ಹೆರೆಯುವುದು ಹೌದಣ್ಣನ ಕೆಲಸ. ಬೇರೆ ಯಾರ ಕೈಯನ್ನೂ ಮುದುಕ ತನ್ನ ಗಲ್ಲಕ್ಕೆ ತಾಗಗೊಡುತ್ತಿರಲಿಲ್ಲ. ತಾನೇ ತಿದ್ದಿದ ಕೈ ಅದು. ಹೌದಣ್ಣ ಬಿಸಿನೀರು ತಂದ, ನೊರೆ ಹಚ್ಚಿದ, ಬಲಗೆನ್ನೆ ಮುಗಿಸಿದ. ಕತ್ತಿನ ಕಡೆಗೆ ಬಂದು ಎಡಗೈ ಬೆರಳಿನಿಂದ ಸಡಿಲವಾದ ಚರ್ಮವನ್ನು ಮೆಲ್ಲಗೆ ಎಳೆದು ಹಿಡಿದ.

ಆಗ ಮುದುಕ ಹೇಳಿದ. “ಅಳಿಯಾ, ನಾನೂ ಯೋಚನೆ ಮಾಡ್ದೆ. ನೀನು ಹೇಳೋದೇ ಸರಿ. ಆ ಲಸಿಕೆ ನನಗೂ ಬೇಡ. ಮಗಳಿಗೆ ಹೇಳ್ಬಿಡು, ಮತ್ತೆ ಪೀಡಿಸೋದು ಬೇಡ ಅಂತ. ಇಷ್ಟು ವಯಸ್ಸಾಯ್ತು. ಈ ಚಳಿಗೆ ಹೋದ್ರೆ ಹೋದೆ.”

ಹೌದಣ್ಣನ ಬಾಯಿ ಅಭ್ಯಾಸದಂತೆ ತೆರೆಯಿತು. “ಹೌ…” ಎಂದು ಅಷ್ಟಕ್ಕೇ ನಿಂತಿತು.

ಬೆರಳ ಕೆಳಗೆ ಮಾವನ ಉಸಿರು ಸಿಳ್ಳೆ ಹಾಕುತ್ತಾ ಹತ್ತಿ ಇಳಿಯುತ್ತಿತ್ತು. ಎಷ್ಟೋ ವರ್ಷದಿಂದ ಆ ಕತ್ತನ್ನು ಮುಟ್ಟಿದ್ದ, ಆದರೆ ಒಳಗೆ ಗಾಳಿ ಇಷ್ಟು ಕಷ್ಟಪಟ್ಟು ಓಡಾಡುತ್ತಿದೆ ಎಂದು ಅವನಿಗೆ ಇವತ್ತೇ ಗೊತ್ತಾದದ್ದು. ಇದಕ್ಕೆ ಹೌದು ಅಂದರೆ ಏನಕ್ಕೆ ಹೌದು ಅಂದ ಹಾಗಾಗುತ್ತದೆ ಎಂದು ಅವನಿಗೆ ಹೊಳೆಯಿತು. ಅವನಿಗೆ ಈಗ ಅಪ್ಪ ಇರಲಿಲ್ಲ. ಇದ್ದದ್ದು ಈ ಮುದುಕನೇ.

ಅವನು ಕತ್ತಿಯನ್ನು ದೂರ ತೆಗೆದು ಬಟ್ಟಲಿನಲ್ಲಿಟ್ಟ.

“ಇಲ್ಲ ಮಾವ.”

ಮುದುಕ ಕಣ್ಣು ತೆರೆದ. “ಏನಂದೆ?”

“ಇಲ್ಲ ಅಂದೆ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

“ಗಡ್ಡ ಮಾಡೋವಾಗ ವಾದ ಮಾಡಬಾರದು ಅಂತ ನಾನು ಕಲಿಸಿರಲಿಲ್ವಾ?”

“ಅದು ಕುರ್ಚೀಲಿ ಕೂತೋರಿಗೆ. ನೀವು ಮಂಚದ ಮೇಲೆ ಕೂತಿದೀರಿ” ಅಂದ ಹೌದಣ್ಣ. ಆಮೇಲೆ ಕಟ್ಟೆ ಒಡೆಯಿತು. ಫ್ಲೂ ಪ್ರತಿ ವರ್ಷ ಬರುತ್ತೆ, ನಿಮ್ಮ ಎದೆಗೆ ಅದು ಬಂದ್ರೆ ಆಟ ಅಲ್ಲ, ಸೂಜಿಯಿಂದ ಫ್ಲೂ ಬರಲ್ಲ, ತೋಳು ನೋಯುತ್ತೆ ಅಷ್ಟೆ, ಎರಡು ವಾರ ಮುಂಚೆ ಹಾಕಿಸ್ಬೇಕು, ಹೋದ್ರೆ ಹೋದೆ ಅನ್ನೋಕೆ ನೀವು ಯಾರು, ನಮ್ಮನ್ನ ಕೇಳಿದ್ರಾ. ನರ್ಸಮ್ಮ ಕುರ್ಚಿಯಲ್ಲಿ ಕೂತು ಹೇಳಿದ ಒಂದೊಂದು ಮಾತೂ ಬಂತು. ಕೊನೆಯ ಮಾತು ಮಾತ್ರ ಯಾವ ಗಿರಾಕಿಯದೂ ಅಲ್ಲ, ಅವನದೇ. ಅಳಿಯ ಇಷ್ಟು ಉದ್ದ ಮಾತಾಡಿದ್ದನ್ನು ಮುದುಕ ಮಗಳ ಮದುವೆಯಾದಾಗಿನಿಂದ ಕೇಳಿರಲಿಲ್ಲ.

ಎಲ್ಲ ಕೇಳಿಸಿಕೊಂಡು ಮುದುಕ ತಣ್ಣಗೆ ಅಂದ. “ಇಷ್ಟೆಲ್ಲ ಗೊತ್ತಿದ್ದೂ ನೀನ್ಯಾಕೆ ಹಾಕಿಸ್ಕೊಂಡಿಲ್ಲ?”

ಹೌದಣ್ಣ ಬಾಗಿಲ ಕಡೆ ನೋಡಿದ. ಸಹಾಯಕ್ಕೆ ಬರಲು ತರಕಾರಿಯವನೂ ಇರಲಿಲ್ಲ, ಡ್ರೈವರನೂ ಇರಲಿಲ್ಲ. “ನಡೀರಿ, ಈಗಲೇ ಹೋಗೋಣ” ಅಂದ.

“ಎಡಗೆನ್ನೆ?”

“ಬಂದ್ಮೇಲೆ ಮಾಡ್ತಾರೆ ಬಿಡಪ್ಪ” ಎಂದು ಮಗಳು ಅಷ್ಟರಲ್ಲಾಗಲೇ ಟವೆಲ್ ಹಿಡಿದು ನೊರೆ ಒರೆಸುತ್ತಿದ್ದಳು. ಎಡಗೆನ್ನೆ ಮುಗಿಸುವಷ್ಟರಲ್ಲಿ ಯಾರಾದರೂ ಮನೆಗೆ ಬಂದು ಇನ್ನೊಂದು ಮಾತು ಹೇಳಿಬಿಟ್ಟರೆ ಎಂಬ ಭಯ ಅವಳಿಗೆ. ಗಾಳಿ ಬಂದಾಗ ತೂರಿಕೊಳ್ಳಬೇಕು. ಮುದುಕ ಅರ್ಧ ಗಡ್ಡದಲ್ಲೇ ಮಗಳು ಅಳಿಯನ ಜೊತೆ ಆಟೋ ಹತ್ತಿದ.

ಆರೋಗ್ಯ ಕೇಂದ್ರದ ಬೆಂಚು ಖಾಲಿ ಇತ್ತು. ನರ್ಸಮ್ಮ ಮುದುಕನ ಎರಡು ಕೆನ್ನೆಗಳನ್ನೂ ಒಮ್ಮೆ ನೋಡಿದಳು. ಇವತ್ತು ಜ್ವರ ಇದೆಯಾ, ಹಿಂದೆ ಯಾವುದಾದರೂ ಲಸಿಕೆ ಹಾಕಿಸಿಕೊಂಡು ಜೋರಾಗಿ ಅಲರ್ಜಿ ಆಗಿತ್ತಾ ಎಂದು ಇಬ್ಬರನ್ನೂ ವಿಚಾರಿಸಿದಳು. ಎರಡೂ ಇಲ್ಲ. ಮುದುಕ ತೋಳು ಕೊಟ್ಟು ಗೋಡೆಯ ಗಡಿಯಾರ ನೋಡುತ್ತಾ ಕೂತಿದ್ದ. ಮುಗೀತು ಅಂದಾಗ, “ಯಾವಾಗ ಹಾಕಿದ್ರಿ?” ಅಂದ.

ಹೌದಣ್ಣನ ಸರದಿ ಬಂತು. ದಿನವೆಲ್ಲ ಜನರ ಕುತ್ತಿಗೆಗೆ ಕತ್ತಿ ಹಿಡಿಯುವವನು ಸೂಜಿ ನೋಡಿ ಬಿಳುಚಿಕೊಂಡ.

“ಯಾವ ಕೈಗೆ ಹಾಕ್ಲಿ ಅಣ್ಣ, ಎಡಗೈಗಾ ಬಲಗೈಗಾ?”

“ಹೌದು ಸಿಸ್ಟರ್.”

ಆಕೆ ಎಡಗೈಗೇ ಹಾಕಿದಳು. ಮೂವರೂ ಅರ್ಧ ಗಂಟೆ ಬೆಂಚಿನ ಮೇಲೆ ಕೂತರು. ಯಾರಿಗೂ ಏನೂ ಆಗಲಿಲ್ಲ. ಮುದುಕ ಅಳಿಯನ ಭುಜಕ್ಕೆ ಒರಗಿ ಸಣ್ಣ ನಿದ್ದೆ ತೆಗೆದ. ತೋಳು ಸ್ವಲ್ಪ ನೋಯುತ್ತಿದ್ದರೂ ಹೌದಣ್ಣ ಅಲ್ಲಾಡಲಿಲ್ಲ.

ಓದುವವರೇ, ಕೇಳುವವರೇ, ಕಥೆ ಇಷ್ಟೆ. ಫ್ಲೂ ಗುಲ್ಲು ಅಡಗಿದೆ, ಆರೋಗ್ಯ ಕೇಂದ್ರದ ಬೆಂಚು ಖಾಲಿ ಇದೆ. ಹೋಗುವುದಕ್ಕೆ ಇದೇ ಸರಿಯಾದ ಕಾಲ. ಅನುಮಾನವಿದ್ದರೆ ಬೀದಿಯಲ್ಲಿ ಕೇಳಬೇಡಿ, ನರ್ಸಮ್ಮನನ್ನೋ ಡಾಕ್ಟರನ್ನೋ ಕೇಳಿ. ನಿಮಗಿರುವ ಕಾಯಿಲೆ, ತಿನ್ನುವ ಮಾತ್ರೆ, ಹಿಂದೆ ಆದ ಅಲರ್ಜಿ ಎಲ್ಲವನ್ನೂ ಮುಚ್ಚಿಡದೆ ಹೇಳಿ. ಮತ್ತೆ ಒಮ್ಮೆ ನಿಮ್ಮ ಮನೆಯ ಹಜಾರದ ಕಡೆ ತಿರುಗಿ ನೋಡಿ. ಉಸಿರಿಗೆ ಕಷ್ಟಪಡುವ ಒಬ್ಬರು ಅಲ್ಲಿ ಕೂತು, ನೀವು ಏನು ಮಾಡುತ್ತೀರಿ ಎಂದು ಕಾಯುತ್ತಿರಬಹುದು. ನೀವು ಹೋಗದಿದ್ದರೆ ಅವರು ಹೋಗುವುದಿಲ್ಲ. ಅವರ ಕೈ ಹಿಡಿದುಕೊಂಡು ಹೋಗಿ.