ಕೆನ್ನೆಯ ಮೇಲಿನ ಶಾಯಿ

ಊರೆಲ್ಲ ಫ್ಲೂ ಜ್ವರ ಹಬ್ಬಿದ ಮೇಲೆ ಪಾರ್ಸಲ್ ಆಫೀಸಿನವರು ಕೆಲಸದವರಿಗೆಲ್ಲ ಒಂದೊಂದು ಡಬ್ಬಿ ಗ್ಲೌಸ್ ಕೊಟ್ಟರು. ಒಂದು ಸಲ ಹಾಕಿ ಬಿಸಾಡುವ ತೆಳ್ಳನೆ ಬಿಳಿ ಗ್ಲೌಸು. ಅಲ್ಲಿ ಮುದ್ರೆ ಒತ್ತುವ ಹೆಂಗಸನ್ನು ಮನೆಯಲ್ಲೂ ಆಫೀಸಿನಲ್ಲೂ ಎಲ್ಲರೂ ಅತ್ತೆಮ್ಮ ಅಂತಲೇ ಕರೆಯೋದು. ಅವಳ ಕೈಗೆ ಅದು ಬಂದದ್ದೇ ತಡ, ಅಬ್ಬಬ್ಬಾ, ಆ ಠೀವಿ ನೋಡಬೇಕಿತ್ತು! ಬೆಳಿಗ್ಗೆ ಏರಿಸಿದ ಜೋಡಿ ಮಲಗುವ ತನಕ ಇಳಿಯುತ್ತಿರಲಿಲ್ಲ. ಜನ ಅಂಗೈಗೇ ಸೀನಿ ಅದೇ ಕೈಯಲ್ಲಿ ಪಾರ್ಸಲ್ ಚಾಚುತ್ತಿದ್ದರು. ಅತ್ತೆಮ್ಮ ಇಸಕೊಂಡು, ನೇರಳೆ ಶಾಯಿಯ ಮುದ್ರೆ ಕುಟ್ಟಿ, ಬಸ್ಸಿನ ಕಂಬಿ ಹಿಡಿದು ಮನೆಗೆ ಬಂದು, ಅದೇ ಗ್ಲೌಸಿನಲ್ಲಿ ಮೊಮ್ಮಗಳನ್ನು ಎತ್ತಿಕೊಳ್ಳುತ್ತಿದ್ದಳು.

"ನನ್ನ ಕೈ ಒಳಗೆ ಹೂವಿನ ಹಾಗಿದೆ, ಗೊತ್ತಾ?" ಅಂತ ಪಕ್ಕದ ಮನೆಯವಳ ಹತ್ತಿರ ಜಂಬ ಬೇರೆ. ಪಾಪ, ಸುಳ್ಳೇನಲ್ಲ. ಒಳಗಿನ ಕೈ ಹಾಗೇ ಇತ್ತು, ಹೊರಗಿನದರ ಯೋಚನೆ ಮಾತ್ರ ಬರಲಿಲ್ಲ.

ಸೊಸೆಗೆ ಬ್ರೆಡ್ ಅಂಗಡಿಯಲ್ಲಿ ಕೆಲಸ. ಅವಳಿಗೆ ಗ್ಲೌಸ್ ಕೊಟ್ಟವರಿಲ್ಲ. ಗಳಿಗೆಗೊಮ್ಮೆ ಸೋಪು ಹಾಕಿ ತೊಳೆದೂ ತೊಳೆದೂ ಕೈ ಬಿರುಕು ಬಿಟ್ಟಿತ್ತು. ಒಂದು ದಿನ ಮೆಲ್ಲಗೆ, "ಅತ್ತೆ, ಮನೆಗೆ ಬಂದ ತಕ್ಷಣ ಅದನ್ನ ಬಿಚ್ಚಿ ಬಿಸಾಡ್ಬಿಡಿ," ಅಂದಳು.

"ಬರಿಗೈಲಿ ಊರು ಮುಟ್ಟೋಳು ನನಗೆ ಬುದ್ಧಿ ಹೇಳೋಕೆ ಬಂದ್ಲು!"

ಸೊಸೆ ಮತ್ತೆ ಕೈ ತೊಳೆಯಲು ಬಚ್ಚಲಿಗೆ ಹೋದಳು.

ವಾರದೊಳಗೆ ಮಗುವಿನ ಮೈ ಕೆಂಡದ ಹಾಗೆ ಸುಡತೊಡಗಿತು. ಡಾಕ್ಟರು ಫ್ಲೂ ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು. "ನೀನೇ ಕಣೇ ತಂದು ಹಚ್ಚಿದ್ದು! ಇನ್ಮೇಲೆ ಮಗೂನ ಮುಟ್ಟಿದ್ರೆ ನೋಡು!" ಅಂತ ಅತ್ತೆಮ್ಮ ಪಕ್ಕದ ಮನೆಗೂ ಕೇಳುವ ಹಾಗೆ ಕೂಗಾಡಿದಳು. ಮಗ ಪೇಪರ್ ಎತ್ತಿಕೊಂಡು ಜಗುಲಿಗೆ ಹೋದ. ಅವನು ಯಾವತ್ತು ಹೆಂಡತಿ ಪರ ನಿಂತಿದ್ದ, ಇವತ್ತು ನಿಲ್ಲೋಕೆ! ಒಳಗೆ ಮಗು "ಅಮ್ಮಾ, ಅಮ್ಮಾ" ಅಂತ ಅತ್ತು ಅತ್ತು ದನಿ ಬಿದ್ದುಹೋಯಿತು. ಕೋಣೆಯ ಬಾಗಿಲಾಚೆ ಸೊಸೆ ಗೋಡೆಗೊರಗಿ ಕೂತಿದ್ದಳು.

ಮಾರನೇ ಸಂಜೆ ಅತ್ತೆಮ್ಮ ಕೆಲಸದಿಂದ ಬಂದವಳೇ ಮಗುವನ್ನು ಎತ್ತಿಕೊಂಡು ಹಾಲು ಕುಡಿಸಿದಳು. ಮುಖ ದೀಪದ ಕಡೆ ತಿರುಗಿಸಿದರೆ ಕೆನ್ನೆ ಮೇಲೆ ನೇರಳೆ ಕಲೆ. ಬಾಟಲಿಯ ಬಾಯಲ್ಲೂ ಅದೇ ಕಲೆ.

"ಯಾರೇ ಇದು, ಮಗು ಮುಖಕ್ಕೆ ಬಳಿದಿರೋದು?"

ಸೊಸೆ ಆಚೆಯಿಂದಲೇ ಇಣುಕಿ ನೋಡಿದಳು. "ದಿನಾ ಇರುತ್ತೆ ಅತ್ತೆ. ನೀವು ಎತ್ಕೊಂಡು ಇಳಿಸಿದ ಮೇಲೆ ನಾನು ಒರೆಸ್ತಿದ್ದೆ. ಈಗ ಮುಟ್ಟಬೇಡ ಅಂದಿದ್ದೀರಲ್ಲ, ಹಾಗೇ ಉಳ್ಕೊಂಡಿದೆ."

ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅತ್ತೆಮ್ಮ ಜಗಳಕ್ಕಾದರೂ ನಿಲ್ಲುತ್ತಿದ್ದಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳ ಕಣ್ಣು ತನ್ನ ಹೆಬ್ಬೆರಳಿಗೆ ಹೋಯಿತು. ಗ್ಲೌಸಿನ ತುದಿ ಪೂರಾ ನೇರಳೆ. ಬಾಗಿಲ ಚಿಲಕದ ಮೇಲೂ, ಮಗುವಿನ ದಿಂಬಿನ ಮೇಲೂ ಅದೇ ಬಣ್ಣ. ಶಾಯಿ ಬಂದ ದಾರಿಯಲ್ಲೇ ಊರಿನವರ ಸೀನೂ ಬಂದಿದೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅಷ್ಟು ನಾಚಿಕೆ ಅವಳಿಗೆ ಈ ವಯಸ್ಸಿನವರೆಗೆ ಆಗಿರಲಿಲ್ಲ.

ಮಗುವನ್ನು ಮಲಗಿಸಿ, ಗ್ಲೌಸ್ ಕಿತ್ತು ಕಸಕ್ಕೆ ಹಾಕಿ, ಮೊಣಕೈವರೆಗೆ ಸೋಪು ತಿಕ್ಕಿ ತೊಳೆದು ಬಂದಳು.

"ಬಾರೇ... ಮಗೂನ ಎತ್ಕೋ."

ಸೊಸೆ ದಡಕ್ಕನೆ ಎದ್ದು ಒಳಗೆ ಓಡಿಬಂದಳು. ಮಗು ಎರಡೂ ಕೈ ಚಾಚಿತು. ಆದರೆ ಮಂಚದ ಹತ್ತಿರ ಬಂದವಳು ಗಕ್ಕನೆ ನಿಂತು, ತನ್ನ ಅಂಗೈ ನೋಡಿಕೊಂಡು, ಅತ್ತೆಯ ಮುಖ ನೋಡಿದಳು.

"ಒಂದೇ ನಿಮಿಷ ಅತ್ತೆ, ಕೈ ತೊಳ್ಕೊಂಡು ಬಂದ್ಬಿಡ್ತೀನಿ."

ಮಗು ಮತ್ತೆ ಅಳತೊಡಗಿತು. ಬಚ್ಚಲಿನಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ಅತ್ತೆಮ್ಮ ತಲೆ ತಗ್ಗಿಸಿ ನಿಂತೇ ಇದ್ದಳು.