ಮೈದಾನಕ್ಕೆ ಬಂದ ಅತ್ತೆ

ನಮ್ಮ ಹುಡುಗ ಕೊಬ್ಬಿದವನಲ್ಲ, ಮೊದಲೇ ಹೇಳಿಬಿಡ್ತೀನಿ. ಫೋನಲ್ಲಿ ಹರಿದಾಡಿದ ಆ ಪಂದ್ಯದ ವಿಡಿಯೋ ನೋಡಿದವರೆಲ್ಲ ಬಾಯಿಗೆ ಬಂದ ಹಾಗೆ ಮಾತಾಡಿದರು. ಪೆಟ್ಟು ಬಿದ್ದಿದೆ, ಸಹಾಯಕ್ಕೆ ಓಡಿ ಬಂದ ಹೆಂಗಸಿಗೆ ಬೆನ್ನು ತಿರುಗಿಸಿಕೊಂಡು ಹೋಗ್ತಾನೆ, ಎಂಥ ಸೊಕ್ಕು ಅಂತ. ನಾನು ಡಯಾಲಿಸಿಸ್ ಮಾಡಿಸಿಕೊಳ್ಳೋ ಕಡೆ ಪಕ್ಕದ ಕುರ್ಚಿಯ ಮುದುಕನೂ ಅದನ್ನೇ ಅಂದ. ನನ್ನ ಕೈಗೆ ಸೂಜಿ ಚುಚ್ಚಿದ್ದರಿಂದ ಬಚಾವಾದ, ಇಲ್ಲದಿದ್ದರೆ ಎದ್ದು ಹೋಗಿ ಕಪಾಳಕ್ಕೆ ಬಿಡುತ್ತಿದ್ದೆ.

ಡೆಲ್ರಾಯ್ ನನ್ನ ತಂಗಿಯ ಮಗ. ಆಸ್ಟ್ರೇಲಿಯಾದ ಮೂಲನಿವಾಸಿಗಳು, ವಾಲ್ಪಿರಿ ಜನ ನಾವು, ನಮ್ಮಲ್ಲಿ ತಂಗಿಯ ಮಗ ಅಂದರೆ ಮಗನೇ. ನಮ್ಮೂರು ಯುಂಡುಮುವಿನ ಕೆಂಪು ಧೂಳಲ್ಲಿ ಬರಿಗಾಲಲ್ಲಿ ಫುಟಿ, ಅಂದರೆ ಕೈಯಲ್ಲೂ ಚೆಂಡು ಹಿಡಿಯೋ ನಮ್ಮ ಫುಟ್‌ಬಾಲ್, ಆಡಿಕೊಂಡಿದ್ದವನನ್ನು ಅಡಿಲೇಡಿನ ಕ್ಲಬ್ಬಿನವರು ಬಂದು ನೋಡಿದರು, ಒಂದು ವರ್ಷದ ಕರಾರು ಮಾಡಿಕೊಂಡು ಕರೆತಂದರು. ಕಿಡ್ನಿ ಕೈಕೊಟ್ಟು ನಾನು ಅವನಿಗಿಂತ ಮುಂಚೆಯೇ ಈ ಊರಿಗೆ ಬಂದು ಬಿದ್ದಿದ್ದೆ. ಹಾಗಾಗಿ ನನ್ನ ಮನೆಯಲ್ಲೇ ಇಳಿದ. ಕ್ಲಬ್ಬಿನವರ ಪ್ರಕಾರ ಚರ್ಮ ತೆಗೆದ ಕೋಳಿ ತಿನ್ನಬೇಕಂತೆ ದೊಡ್ಡಮ್ಮ, ಚರ್ಮ ತೆಗೆದರೆ ಕೋಳಿಯಲ್ಲಿ ಉಳಿಯೋದೇನು ಅಂತ ನಗುತ್ತಿದ್ದ. ನಕ್ಕೊಂಡೇ ತಿಂದ. ಚಳಿಗೆ ತುಟಿ ಒಡೆದು ರಕ್ತ ಬಂದರೂ ಬೆಳಗಿನ ಓಟ ತಪ್ಪಿಸಲಿಲ್ಲ.

ಅವನಿಗೆ ಇಲ್ಲೇ ಉಳಿಯಬೇಕಿತ್ತು. ನಮ್ಮೂರಿಂದ ಅವನಿಗಿಂತ ಮುಂಚೆ ಹೀಗೆ ಬಂದ ಹುಡುಗರೆಲ್ಲ ವರ್ಷ ತುಂಬೋದರೊಳಗೆ ಗಂಟುಮೂಟೆ ಕಟ್ಟಿದವರೇ. ಒಬ್ಬನಿಗೆ ಊರಿನ ಸಾವಿಗೆ ಹೋಗಲು ರಜೆ ಕೊಡಲಿಲ್ಲ, ಹೇಳದೆ ಹೋದ, ಮತ್ತೆ ಬರಲಿಲ್ಲ. ಇನ್ನೊಬ್ಬ ತಾಯಿಯ ನೆನಪಲ್ಲೇ ಸೊರಗಿದ. ಊರಲ್ಲಿ ಕ್ಯಾತೆ ತೆಗೆಯೋರು ಇವನನ್ನೂ ಕ್ರಿಸ್‌ಮಸ್‌ಗೆ ಮುಂಚೆ ವಾಪಸ್ ಇಲ್ಲೇ ನೋಡ್ತೀವಿ ಬಿಡಿ ಅಂದಿದ್ದರು. ಸೀಸನ್ ಮುಗಿದ ಮೇಲೆ ಕ್ಲಬ್ಬಿನವರು ಇಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಗ್ಲೆನಿಸ್ ಬಂದಳು.

ಗ್ಲೆನಿಸ್ ಬಿಳಿಯರ ಹೆಂಗಸು. ಹಿಂದೆ ನಮ್ಮೂರ ಕ್ಲಿನಿಕ್ಕಿನಲ್ಲಿ ಬಹಳ ಕಾಲ ನರ್ಸ್ ಆಗಿದ್ದವಳು. ಒಳ್ಳೆಯವಳು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಭಾಷೆ ಅರ್ಧಂಬರ್ಧ ಬರುತ್ತೆ. ದೂರದಿಂದ ಬಂದ ಹುಡುಗರ ಕಷ್ಟಸುಖ ನೋಡೋಕೆ, ವ್ಯಾನಲ್ಲಿ ಕರೆದುಕೊಂಡು ಹೋಗಿ ಬಿಡೋಕೆ, ಪಂದ್ಯದ ದಿನ ಪೆಟ್ಟಾದವರ ಹತ್ತಿರ ಓಡೋಕೆ ಅಂತ ಕ್ಲಬ್ಬಿನವರು ಅವಳನ್ನು ಕೆಲಸಕ್ಕೆ ತಗೊಂಡರು. ಅವಳನ್ನು ಹುಡುಗರಿಗೆ ಪರಿಚಯ ಮಾಡಿಸೋ ದಿನ ನನ್ನನ್ನೂ ಕರೆದಿದ್ದರು. ಕೋಚ್ ಡಂಕನ್ ಮದುವೆ ಮನೆ ಯಜಮಾನನ ಹಾಗೆ ಓಡಾಡುತ್ತಿದ್ದ. ಡೆಲ್ರಾಯ್, ನಿನಗೋಸ್ಕರ ನಿನ್ನ ಭಾಷೆ ಬರೋರನ್ನೇ ತಂದಿದ್ದೀವಿ ನೋಡಪ್ಪಾ ಅಂದ. ಗ್ಲೆನಿಸ್ ಎದ್ದು ನಿಂತು ನಮ್ಮ ಭಾಷೆಯಲ್ಲೇ, "ನಾನು ನಂಗಾಲ" ಅಂದಳು. ಎಲ್ಲರೂ ಚಪ್ಪಾಳೆ ಹೊಡೆದರು.

ಡೆಲ್ರಾಯ್ ತಲೆ ತಗ್ಗಿಸಿದವನು ಮತ್ತೆ ಎತ್ತಲಿಲ್ಲ.

ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಕುಲದ ಹೆಸರಿದೆ. ಯಾರಿಗೆ ಯಾರು ಏನಾಗಬೇಕು ಅನ್ನೋದು ಆ ಹೆಸರಲ್ಲೇ ಇರುತ್ತೆ. ನಮ್ಮ ಜೊತೆ ಬಾಳಿದ ಹೊರಗಿನವರಿಗೂ ಒಂದು ಹೆಸರು ಕೊಡ್ತೀವಿ, ಕೊಟ್ಟ ಮೇಲೆ ಅವರೂ ನೆಂಟರೇ. ಡೆಲ್ರಾಯ್ ಜಕಮಾರ. ಜಕಮಾರ ಗಂಡಸರು ಮದುವೆಯಾಗಬೇಕಾದ ಹುಡುಗಿಯರ ತಾಯಂದಿರು ನಂಗಾಲ. ಅಂದರೆ ನಂಗಾಲ ಅನ್ನಿಸಿಕೊಂಡವರೆಲ್ಲ ಅವನಿಗೆ ಅತ್ತೆಯರು. ಹುಡುಗ ಗಂಡಸಾದ ಮೇಲೆ ಅತ್ತೆಯ ಮುಖ ನೋಡಬಾರದು, ಮಾತಾಡಬಾರದು, ಒಂದೇ ಗಾಡಿಯಲ್ಲಿ ಕೂರಬಾರದು, ಮುಟ್ಟೋ ಮಾತಂತೂ ದೂರವೇ ಉಳಿಯಿತು. ದ್ವೇಷ ಅಲ್ಲ, ಮರ್ಯಾದೆ. ಊರಲ್ಲಿ ಅತ್ತೆ ಅಂಗಡಿಯೊಳಗಿದ್ದರೆ ಅಳಿಯ ಆಚೆ ಮರದ ಕೆಳಗೆ ಕಾಯ್ತಾನೆ. ಯಾರಿಗೂ ಅದು ಕಷ್ಟ ಅನ್ನಿಸಿಲ್ಲ.

ಗ್ಲೆನಿಸ್‌ಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಆದರೆ ಆ ಹೆಸರನ್ನು ಅವಳು ಗೋಡೆಗೆ ತೂಗುಹಾಕೋ ಪ್ರಶಸ್ತಿ ಅಂದುಕೊಂಡಿದ್ದಳು. ಅದು ಊರಾಚೆಗೂ ತನ್ನನ್ನು ಕಟ್ಟಿಹಾಕುತ್ತೆ ಅಂತ ಅವಳ ತಲೆಗೆ ಹೊಳೆದೇ ಇರಲಿಲ್ಲ. ತಾನು ಪೋಲಿಯೋ ಹನಿ ಹಾಕಿದ ಮಗು ಇವನು, ಅಷ್ಟೇ ಅವಳ ಲೆಕ್ಕ.

ಮಾರನೇ ದಿನ ವ್ಯಾನು ಮನೆ ಮುಂದೆ ಬಂದು ನಿಂತಿತು. ಡೆಲ್ರಾಯ್ ಹಿಂದಿನ ಬೇಲಿ ಹಾರಿ ಓಡಿಹೋದ. ಮೈದಾನಕ್ಕೆ ಓಡಿಕೊಂಡೇ ಹೋದ, ತಡವಾಯಿತು. ಆಮೇಲೆ ದಿನಾ ಅದೇ ಆಯಿತು. ಗ್ಲೆನಿಸ್ ಮೀಟಿಂಗಿಗೆ ಬಂದರೆ ಇವನು ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಅವಳು ನೀರು ಕೊಡಲು ಬಂದರೆ ಬಾಯಾರಿದ್ದರೂ ಬೇರೆ ಕಡೆ ಹೋಗುತ್ತಿದ್ದ. ಜೊತೆಯ ಹುಡುಗರು, "ಏನೋ ಮಾರಾಯ, ಅವಳಿಗೆ ಸಾಲಗೀಲ ಕೊಡಬೇಕಾ?" ಅಂತ ಕಿಚಾಯಿಸಿದರು. ಡಂಕನ್ ಕರೆದು ಕೇಳಿದ. ಏನಿಲ್ಲ ಅಂದ. ಮತ್ತೆ ಕೇಳಿದ, ಮತ್ತೆ ಏನಿಲ್ಲ. ಸ್ವಲ್ಪ ದಿನದಲ್ಲೇ ಕ್ಲಬ್ಬಲ್ಲಿ, ಹುಡುಗನ ಕೈಯಲ್ಲಿ ಆಟ ಇದೆ, ನಡತೆ ಸರಿಯಿಲ್ಲ ಅನ್ನೋ ಮಾತು ಶುರುವಾಯಿತು.

ನನ್ನ ಮೈಯೆಲ್ಲ ಉರಿದುಹೋಯಿತು.

"ಹೇಳಿಬಿಡೋ. ನೀನು ಹೇಳದಿದ್ರೆ ನಾನೇ ಹೋಗಿ ಹೇಳ್ತೀನಿ."

"ಬೇಡ ದೊಡ್ಡಮ್ಮ."

"ಬೇಡ ಅಂದ್ರೆ? ಗಂಟುಮೂಟೆ ಕಟ್ಟೋಕೆ ಹಗ್ಗ ತಂದುಕೊಡ್ಲಾ?"

"ಏನಂತ ಹೇಳೋದು? ಆಯಮ್ಮ ಬಂದಿದ್ದರಿಂದ ನಂಗೆ ತೊಂದ್ರೆ ಆಗ್ತಿದೆ ಅಂತನಾ? ಅಷ್ಟು ಜನರ ಮುಂದೆ ಅತ್ತೆ ಮಾನ ಕಳೀಲಾ?"

"ಅವಳಿಗೊಬ್ಬಳಿಗೇ ಗುಟ್ಟಾಗಿ ಹೇಳ್ತೀನಿ ಕಣೋ."

"ಇಷ್ಟು ದಿನ ತಾನು ತಪ್ಪು ಮಾಡಿದೆ ಅಂತ ಆಗ ಆಯಮ್ಮನಿಗೆ ಗೊತ್ತಾಗುತ್ತಲ್ಲ. ನಾಚಿಕೆಯಿಂದ ಸಾಯ್ತಾಳೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನೀನೇ ಹೇಳ್ತಿರ್ತೀಯ. ಈ ಸೀಸನ್‌ಗೆ ಇನ್ನೊಂದೇ ಪಂದ್ಯ. ಚೆನ್ನಾಗಿ ಆಡಿಬಿಟ್ರೆ ಯಾರೂ ಏನೂ ಕೇಳಲ್ಲ. ಬಾಯಿ ಬಿಡಲ್ಲ ಅಂತ ಮಾತು ಕೊಡು."

ಕೊಟ್ಟೆ. ಅತ್ತ ದರಿ, ಇತ್ತ ಪುಲಿ. ಹೇಳಿದರೆ ಹುಡುಗ ನನ್ನನ್ನು ಕ್ಷಮಿಸಲ್ಲ, ಹೇಳದಿದ್ದರೆ ಅವನ ಬಾಳು ಹೋಗುತ್ತೆ.

ಶನಿವಾರ ಸ್ಟ್ಯಾಂಡಿನಲ್ಲಿ ಕೆಳಗಿನ ಸಾಲಲ್ಲೇ ಕೂತೆ. ಹುಡುಗ ಅವತ್ತು ಮೈಮೇಲೆ ದೇವರು ಬಂದವನ ಹಾಗೆ ಆಡಿದ. ಎರಡು ಗೋಲು ಹೊಡೆದ. ಇನ್ನೊಂದಕ್ಕೆ ಇಬ್ಬರ ತಲೆ ಮೇಲೆ ಹಾರಿ ಚೆಂಡು ಹಿಡಿದಾಗ ನನ್ನ ಹಿಂದೆ ಕೂತಿದ್ದ ಬಿಳಿ ಮುದುಕಿ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಆಯ್ತು, ಗೆದ್ದ, ಇನ್ನು ಯಾರು ಇವನನ್ನ ಕಳಿಸ್ತಾರೆ ಅಂದುಕೊಂಡೆ. ನಾಲ್ಕು ಭಾಗದ ಆಟ ಅದು, ಮೂರನೇ ಕ್ವಾರ್ಟರಿನಲ್ಲಿ ಎದುರಾಳಿಯೊಬ್ಬ ಪಕ್ಕದಿಂದ ಬಂದು ಗುದ್ದಿದ. ಡೆಲ್ರಾಯ್ ಭುಜದ ಮೇಲೆ ಬಿದ್ದ. ಬಿದ್ದವನು ಏಳಲಿಲ್ಲ.

ಡಾಕ್ಟರ್ ಬೆಂಚಿನ ಹತ್ತಿರ ಇನ್ನೊಬ್ಬನ ಹುಬ್ಬಿಗೆ ಹೊಲಿಗೆ ಹಾಕುತ್ತಿದ್ದ. ಗ್ಲೆನಿಸ್ ಚೀಲ ಹಿಡಿದು ಓಡಿದಳು.

ಡೆಲ್ರಾಯ್ ಮಂಡಿಯ ಮೇಲೆ ಎದ್ದ. ಬಲಗೈ ಜೋತಾಡುತ್ತಿತ್ತು. ಯಾರು ಬರುತ್ತಿದ್ದಾರೆ ಅಂತ ಕಂಡ ತಕ್ಷಣ ತಿರುಗಿ ನಡೆಯತೊಡಗಿದ. ಅವಳು, "ಡೆಲ್ರಾಯ್, ನಿಲ್ಲು ಕಂದಾ, ಮೂಳೆ ಮುರಿದಿದೆ" ಅಂತ ಹಿಂದೆಯೇ ಬಂದಳು. ಅವನು ಬೇಗ ನಡೆದ, ಅವಳೂ ಬೇಗ ನಡೆದಳು. ಅವನು ಓಡಿದ, ತಡವರಿಸಿದ, ಬಿದ್ದ, ಮತ್ತೆ ಎದ್ದ. ಜನ ಮೊದಲು ನಕ್ಕರು. ಆಮೇಲೆ ಕೂಗಲು ಶುರುಮಾಡಿದರು. ನನ್ನ ಹಿಂದಿನಿಂದ ಯಾರೋ, ಇವರಿಗೆಲ್ಲ ಎಷ್ಟು ಮಾಡಿದರೂ ಅಷ್ಟೇ ಅಂದರು. ನೋವಿಗೆ ಹುಡುಗನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಅವಳ ಕೈ ಇನ್ನೇನು ಅವನ ಬೆನ್ನು ಮುಟ್ಟಬೇಕು.

ಕೊಟ್ಟ ಮಾತು ಹಾಳಾಗಿ ಹೋಗಲಿ ಅಂತ ನಾನು ಮೈದಾನದ ಕಂಬಿಯ ಹತ್ತಿರ ಬಂದು ನಿಂತು ನಮ್ಮ ಭಾಷೆಯಲ್ಲಿ ಕೂಗಿದೆ. ಅವನಿಗಲ್ಲ, ಅವಳಿಗೆ.

"ನಂಗಾಲ, ಮುಟ್ಟಬೇಡ. ಅವನು ಜಕಮಾರ. ನಿನ್ನ ಅಳಿಯ ಅವನು, ನಿನ್ನ ಅಳಿಯ."

ಅವಳು ಗರ ಬಡಿದವಳ ಹಾಗೆ ನಿಂತಳು. ನನ್ನ ಕಡೆ ನೋಡಿದಳು. ಆ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಇಷ್ಟು ದಿನದ ವ್ಯಾನು, ಗೋಡೆ, ನೀರಿನ ಬಾಟಲಿ ಎಲ್ಲ ಒಂದೇ ಸಲಕ್ಕೆ ಅವಳಿಗೆ ಅರ್ಥವಾಯಿತು. ಚೀಲ ಅಲ್ಲೇ ಬಿಟ್ಟು, ಅವನಿಗೆ ಬೆನ್ನು ಮಾಡಿ, ಅಷ್ಟು ಸಾವಿರ ಜನರ ಎದುರು ಹುಲ್ಲಿನ ಮೇಲೆ ಕೂತು, ಹೆಗಲ ಮೇಲಿದ್ದ ಟವೆಲ್ಲನ್ನು ತಲೆಯ ಮೇಲೆ ಮುಸುಕು ಹಾಕಿಕೊಂಡಳು. ನಮ್ಮೂರಲ್ಲಿ ಅಳಿಯ ಎದುರಾದರೆ ಹೆಂಗಸರು ಮಾಡೋದೂ ಹೀಗೇ. ಅವಳು ಕೂತ ಮೇಲೆ ಡೆಲ್ರಾಯ್ ಕೂಡ ಅವಳಿಗೆ ಬೆನ್ನು ಮಾಡಿ ಕುಸಿದು ಕೂತ. ಡಾಕ್ಟರ್ ಓಡಿ ಬಂದ.

ಅವತ್ತು ಸಂಜೆ ಡಂಕನ್‌ಗೆ ನಾನೇ ಎಲ್ಲ ಹೇಳಿದೆ. ಅವನು ತಲೆ ಮೇಲೆ ಕೈಹೊತ್ತು ಕೂತ.

"ಲೋರ್ನಾ ಆಂಟಿ, ಒಂದು ಮಾತು ಮೊದಲೇ ಹೇಳಬಾರದಿತ್ತಾ?"

"ನೀವು ಅವಳನ್ನು ತರೋ ಮುಂಚೆ ಒಂದು ಮಾತು ಕೇಳಬಾರದಿತ್ತಾ?"



ಸೋಮವಾರ ಬೆಳಿಗ್ಗೆ ನಮ್ಮಿಬ್ಬರನ್ನೂ ಆಫೀಸಿಗೆ ಕರೆಸಿದರು. ಡೆಲ್ರಾಯ್ ಬಲಗೈ ಕತ್ತಿಗೆ ಕಟ್ಟಿದ ಬಟ್ಟೆಯ ಪಟ್ಟಿಯಲ್ಲಿತ್ತು. ಡಂಕನ್ ಮುಖದಲ್ಲಿ ನಗು. ಹೊಸ ಕರಾರಿನ ಕಾಗದ ಮುಂದೆ ತಳ್ಳಿದ.

"ಎರಡು ವರ್ಷ. ಮೂಳೆ ಕೂಡಿಕೊಳ್ಳೋವರೆಗೂ ಸಂಬಳ ನಿಲ್ಲಲ್ಲ. ಸಮಸ್ಯೆನೂ ಬಗೆಹರಿಸಿದ್ದೀವಿ. ಗ್ಲೆನಿಸ್‌ನ ಕೆಲಸದಿಂದ ಬಿಡಿಸಿದ್ದೀವಿ, ಇವತ್ತೇ ಕೊನೆ. ಇನ್ನು ನಿಂಗೆ ಯಾವ ತೊಂದ್ರೆನೂ ಇಲ್ಲ."

ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಅವನು ಹೋದರೆ ಈ ಊರಲ್ಲಿ ನಾನು ಮತ್ತು ಆ ಡಯಾಲಿಸಿಸ್ ಮೆಷಿನ್ನು ಇಬ್ಬರೇ. ಡೆಲ್ರಾಯ್ ಪೆನ್ನು ಮುಟ್ಟಲಿಲ್ಲ.

"ನನ್ನಿಂದ ಆಯಮ್ಮನ ಕೆಲಸ ಹೋಯ್ತಾ?"

"ನಿನ್ನಿಂದ ಅಂತಲ್ಲ. ನಿನಗೋಸ್ಕರ."

"ಹಂಗಾದ್ರೆ ನಂಗೆ ಇದು ಬೇಡ."

ಡಂಕನ್ ನನ್ನ ಮುಖ ನೋಡಿದ. ಮತ್ತೆ ಅವನ ಕಡೆ ತಿರುಗಿದ. "ಅವಳ ಮುಖ ನೋಡೋಕಾಗಲ್ಲ ಅಂತೀಯ, ಅವಳು ಹೋಗೋದೂ ಬೇಡ ಅಂತೀಯ. ನಿಂಗೆ ಏನಪ್ಪಾ ಬೇಕು?"

ನಾನೇ ಹೇಳಬೇಕಾಯಿತು. ಅತ್ತೆಯಿಂದ ದೂರ ಇರೋದು ಅರ್ಧ ಮಾತ್ರ, ಡಂಕನ್. ಇನ್ನರ್ಧ, ಅವಳ ಹೊಟ್ಟೆ ನೋಡಿಕೊಳ್ಳೋದು. ಬೇಟೆಯಿಂದ ಬಂದವನು ಒಳ್ಳೆಯ ಪಾಲು ತೆಗೆದು ಬೇರೆಯವರ ಕೈಲಿ ಅತ್ತೆಗೆ ಕಳಿಸಬೇಕು. ಅವಳ ಬಾಯಿಯ ತುತ್ತು ಕಿತ್ತು ತಾನು ತಿಂದ ಅಂತಾದರೆ ಅವನು ಊರಲ್ಲಿ ತಲೆಯೆತ್ತಿ ಓಡಾಡೋಕಾಗಲ್ಲ.

"ಬೇರೆ ಯಾವುದಾದರೂ ಕೆಲಸಕ್ಕೆ ಹಾಕಿ ಅವಳನ್ನ" ಅಂದೆ.

"ಬೇರೆ ಕೆಲಸ ಇಲ್ಲ ಆಂಟಿ. ಮೇಲಿನವರ ತೀರ್ಮಾನ, ನನ್ನ ಕೈಲಿಲ್ಲ. ಇವನು ಈಗ ಸಹಿ ಹಾಕದಿದ್ದರೆ ಮಧ್ಯಾಹ್ನ ಆ ಜಾಗ ಬೇರೆಯವನಿಗೆ ಹೋಗುತ್ತೆ."

ಡೆಲ್ರಾಯ್ ಎದ್ದು ನಿಂತ. ನಡಿ ದೊಡ್ಡಮ್ಮ ಅಂದ. ನನಗೆ ಅವನ ಕಾಲು ಮುರಿಯೋಣ ಅನ್ನಿಸಿತು, ತಬ್ಬಿಕೊಳ್ಳೋಣ ಅಂತಲೂ ಅನ್ನಿಸಿತು. ಮೊದಲು ನಾನು ಬಾಗಿಲು ತೆಗೆದೆ.

ಹೊರಗೆ ಗ್ಲೆನಿಸ್ ನಿಂತಿದ್ದಳು. ತನ್ನ ಸಾಮಾನು ತಗೊಂಡು ಹೋಗಲು ಬಂದಿದ್ದಾಳೆ, ಕೈಯಲ್ಲೊಂದು ರಟ್ಟಿನ ಡಬ್ಬ. ಒಳಗಿನ ಮಾತೆಲ್ಲ ಕೇಳಿಸಿದೆ. ಬಾಗಿಲು ತೆಗೆದ ತಕ್ಷಣ, ಅಳಿಯ ಕಣ್ಣಿಗೆ ಬೀಳಬಾರದು ಅಂತ ಗೋಡೆಯ ಕಡೆ ತಿರುಗಿಕೊಂಡಳು.

"ಅವನಿಗೆ ಹೇಳು ಲೋರ್ನಾ," ಅಂದಳು ನಮ್ಮ ಭಾಷೆಯಲ್ಲಿ, ಒಡಕು ಒಡಕಾಗಿ. "ಸಹಿ ಹಾಕಲಿ."

ನಾನು ಬಾಗಿಲಲ್ಲೇ ನಿಂತು ಒಳಗೆ ತಿರುಗಿದೆ. "ನಿಮ್ಮ ಅತ್ತೆ ಸಹಿ ಹಾಕು ಅಂತಿದ್ದಾಳೆ."

ಹುಡುಗ ಬಾಗಿಲಿಗೆ ಬೆನ್ನು ಮಾಡಿ ನಿಂತ. ಆಮೇಲೆ, "ಬೇರೆ ಕೆಲಸ ಸಿಕ್ಕಿದೆಯಾ ಕೇಳು" ಅಂದ.

ಕೇಳಿದೆ. ಇಲ್ಲ ಅಂದಳು.

"ಹಂಗಾದ್ರೆ ಹೊಟ್ಟೆಗೆ ಏನು ಮಾಡ್ತಾಳೆ ಕೇಳು."

ಡಂಕನ್ ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡುತ್ತಿದ್ದ. ಕೇಳಿದೆ. ಗ್ಲೆನಿಸ್ ಗೋಡೆಗೇ ಮುಖ ಮಾಡಿ ಅಳುತ್ತಿದ್ದಳು, ಆದರೆ ಮಾತಾಡಿದಾಗ ದನಿ ಗಟ್ಟಿಯಾಗೇ ಇತ್ತು.

"ನನಗೆ ಅಳಿಯ ಇದ್ದಾನೆ, ನನಗೇನು ಚಿಂತೆ ಅಂತ ಹೇಳು."

ಹೇಳಿದೆ. ಡೆಲ್ರಾಯ್ ಎಡಗೈಯಿಂದ ಕಣ್ಣೊರೆಸಿಕೊಂಡ. ಅವಳು ಏನಂದಳು ಅಂತ ಡಂಕನ್ ಕೇಳಿದ. ಮನೆ ವಿಷಯ, ನಿನಗೆ ಬೇಡ ಅಂದೆ. ಹುಡುಗ ಮೇಜಿನ ಹತ್ತಿರ ಹೋಗಿ ಕೂತ, ಎಡಗೈಯಲ್ಲೇ ಪೆನ್ನು ಹಿಡಿದು ಅಡ್ಡಾದಿಡ್ಡಿಯಾಗಿ ತನ್ನ ಹೆಸರು ಬರೆದ. ಪಕ್ಕದಲ್ಲಿ ಜಕಮಾರ ಅಂತಲೂ ಬರೆದ.